ವರ್ತಕರ ಕೊಡುಗೆ, ಸಮುದಾಯದ ದತ್ತಿ
ಲೈಂಗಿಕ ಅಲ್ಪಸಂಖ್ಯಾತರ ಸೇವಾ ಸಂಸ್ಥೆಗಳಿಗೆ ವಾಣಿಜ್ಯ ಸಮುದಾಯದ ನೆರವು: ಒಂದು ಅವಲೋಕನ

ವ್ಯಾಪಾರಕ್ಕೂ ದಾನಧರ್ಮಕ್ಕೂ ಇರುವ ನಂಟು ಕನ್ನಡ ನಾಡಿನಲ್ಲಿ ಬಹು ಹಳೆಯದು. ಮಧ್ಯಯುಗದ ಪ್ರಬಲ ವರ್ತಕ ಸಂಘವಾಗಿದ್ದ ಅಯ್ಯಾವೊಳೆಯ ಐನೂರ್ವರು ತಮ್ಮ ಸರಕಿನ ಮೇಲೆ ಹೇರಿಗಿಷ್ಟು ಎಂದು ತಾವೇ ಆಯವನ್ನು ಗೊತ್ತುಮಾಡಿಕೊಂಡು ದೇವಾಲಯಗಳಿಗೂ ಇತರ ಧರ್ಮಕಾರ್ಯಗಳಿಗೂ ಬಿಟ್ಟುಕೊಟ್ಟ ಸಂಗತಿ ಶಾಸನಗಳಲ್ಲಿ ದಾಖಲಾಗಿದೆ. ಬೆಂಗಳೂರಿನ ರೈಲು ನಿಲ್ದಾಣದ ಬಳಿ ವರ್ತಕ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರವು 1903ರಲ್ಲಿ ತೆರೆಯಿತು. ದಾನಿ ಕಾಲವಾಗಿ ನೂರಕ್ಕೂ ಹೆಚ್ಚು ವರ್ಷಗಳು ಸಂದರೂ ಅವರ ದತ್ತಿ ಉಳಿದಿದೆ. ಈ ಎರಡು ಉದಾಹರಣೆಗಳಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು, ಕೊಡುಗೆಗೆ ಒಂದು ನಿಯಮವಿತ್ತು. ಎರಡನೆಯದು, ಕೊಟ್ಟವರ ನಂತರವೂ ಅದು ಬಾಳುವಂತೆ ವ್ಯವಸ್ಥೆಯಿತ್ತು.

ಆದರೆ ಸಮಾಜದ ಒಂದು ವರ್ಗದ ಮಟ್ಟಿಗೆ ವರ್ತಕರ ಕೊಡುಗೆ ಬೇರೆಯೇ ರೀತಿಯಲ್ಲಿ ನಡೆದುಬಂದಿದೆ. ಹೊಸ ಅಂಗಡಿಯ ಪ್ರಾರಂಭೋತ್ಸವಕ್ಕೆ, ದೀಪಾವಳಿಯ ಅಂಗಡಿ ಪೂಜೆಗೆ ಹಿಜ್ರಾ ಸಮುದಾಯದವರು ಬಂದು ಹರಸುತ್ತಾರೆ. ವರ್ತಕನು ಗಲ್ಲಾಪೆಟ್ಟಿಗೆಯಿಂದ ಒಂದಿಷ್ಟು ತೆಗೆದು ಕೊಡುತ್ತಾನೆ. ಆ ಹಣಕ್ಕೆ ರಸೀದಿಯಿಲ್ಲ, ಖಾತೆಯಿಲ್ಲ, ಮರುವರ್ಷಕ್ಕೆ ಉಳಿಯುವ ಫಲವೂ ಇಲ್ಲ. ಪಡೆದವರು ಕಾಯಿಲೆ ಬಿದ್ದಾಗ, ಮನೆಯಿಂದ ಹೊರದೂಡಲ್ಪಟ್ಟಾಗ, ವಯಸ್ಸಾದಾಗ ಅದು ನೆರವಾಗದು. ಇನ್ನು ಸಲಿಂಗಪ್ರೇಮಿ ಪುರುಷರು ಮತ್ತು ಸ್ತ್ರೀಯರು ಹೊರನೋಟಕ್ಕೆ ಗುರುತಾಗದ ಕಾರಣ ಈ ಅಲ್ಪ ಕೊಡುಗೆಯ ಲೆಕ್ಕಕ್ಕೂ ಬರುವುದಿಲ್ಲ. ಇವರೆಲ್ಲರ ಯೋಗಕ್ಷೇಮಕ್ಕಾಗಿ ದುಡಿಯುವ ಲಾಭರಹಿತ ಸಂಸ್ಥೆಗಳಿಗೆ ಸ್ಥಿರವಾದ ನಿಧಿಯನ್ನು ಒದಗಿಸುವುದು ಹೇಗೆ ಎಂಬ ಪ್ರಶ್ನೆಗೆ ಅಮೆರಿಕದ ಒಂದು ನಗರದಲ್ಲಿ ಉತ್ತರ ದೊರೆತದ್ದು ವರ್ತಕರ ಸಂಘವೊಂದರಿಂದಲೇ. ಆದುದರಿಂದ ಅದರ ವೃತ್ತಾಂತವು ವಾಣಿಜ್ಯೋದ್ಯಮಿಗಳ ಪರಿಶೀಲನೆಗೆ ಅರ್ಹವಾಗಿದೆ.

ಸ್ಯಾನ್ ಫ್ರಾನ್ಸಿಸ್ಕೋ: ಸಂಘದಿಂದ ನಿಧಿಯವರೆಗೆ

1960ರ ದಶಕದ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸಲಿಂಗಪ್ರೇಮಿಗಳು ಸೇರುತ್ತಿದ್ದ ಪಾನಗೃಹಗಳ ಮೇಲೆ ಪೊಲೀಸ್ ದಾಳಿ ಸಾಮಾನ್ಯವಾಗಿತ್ತು. ಪರವಾನಗಿ ರದ್ದಾಗುವ ಭೀತಿ ಮಾಲೀಕರನ್ನು ಸದಾ ಕಾಡುತ್ತಿತ್ತು. 1962ರಲ್ಲಿ ಈ ಮಾಲೀಕರು ಮತ್ತು ನೌಕರರು ಸೇರಿ 'ಟ್ಯಾವರ್ನ್ ಗಿಲ್ಡ್' ಎಂಬ ಸಂಘವನ್ನು ಕಟ್ಟಿದರು. ದಾಳಿಯ ಸುಳಿವು ಸಿಕ್ಕೊಡನೆ ದೂರವಾಣಿಯ ಮೂಲಕ ಒಬ್ಬರಿಂದೊಬ್ಬರಿಗೆ ಸುದ್ದಿ ಮುಟ್ಟಿಸುವುದು, ಬಂಧಿತರಾದವರಿಗೆ ವಕೀಲರನ್ನೂ ಜಾಮೀನನ್ನೂ ಒದಗಿಸುವುದು ಅದರ ಮುಖ್ಯ ಕೆಲಸಗಳಾಗಿದ್ದವು. ತಮ್ಮ ವ್ಯಾಪಾರವನ್ನು ಕಾಯ್ದುಕೊಳ್ಳಲೆಂದು ಆರಂಭವಾದ ಈ ಸಂಘ ಕ್ರಮೇಣ ಗ್ರಾಹಕರ ರಕ್ಷಣೆಗೂ ಸಮುದಾಯದ ಕಾರ್ಯಗಳಿಗೂ ಹಣ ಕೂಡಿಸತೊಡಗಿತು.

ಮುಂದಿನ ದಶಕದಲ್ಲಿ ಇದೇ ನಗರದ ಕ್ಯಾಸ್ಟ್ರೋ ಬಡಾವಣೆಯಲ್ಲಿ ಮತ್ತೊಂದು ಪ್ರಸಂಗ ನಡೆಯಿತು. ಸಲಿಂಗಪ್ರೇಮಿಗಳಿಬ್ಬರು ಹಳೆಯ ವಸ್ತುಗಳ ಮಾರಾಟದ ಅಂಗಡಿ ತೆರೆಯಲು ಹೊರಟಾಗ ಅವರಿಗೆ ಪರವಾನಗಿ ದೊರೆಯದಂತೆ ತಡೆಯಲು ಪ್ರಯತ್ನಿಸಿದ್ದು ಅಲ್ಲಿನ ವರ್ತಕರ ಸಂಘವೇ. ಕ್ಯಾಮೆರಾ ಅಂಗಡಿಯ ಮಾಲೀಕರಾಗಿದ್ದ ಹಾರ್ವೆ ಮಿಲ್ಕ್ ಮತ್ತಿತರರು ಇದನ್ನು ಪ್ರತಿಭಟಿಸಿ 'ಕ್ಯಾಸ್ಟ್ರೋ ವಿಲೇಜ್ ಅಸೋಸಿಯೇಷನ್' ಎಂಬ ಪ್ರತ್ಯೇಕ ಸಂಘವನ್ನು ರಚಿಸಿಕೊಂಡರು. 1974ರಲ್ಲಿ ಈ ಸಂಘ ಏರ್ಪಡಿಸಿದ ಬೀದಿ ಜಾತ್ರೆಗೆ ಸಾವಿರಾರು ಜನ ಬಂದರು. ಬಡಾವಣೆಯ ಅಂಗಡಿಗಳಿಗೆ ಅದರಿಂದ ವ್ಯಾಪಾರ ಕುದುರಿತು. ವಿರೋಧವಿದ್ದ ಕಡೆ ಭಾಷಣಕ್ಕಿಂತ ಮಾರಾಟವೇ ಹೆಚ್ಚು ಮನವೊಲಿಸಿತೆನ್ನಬಹುದು. ಮಿಲ್ಕ್ 1977ರಲ್ಲಿ ನಗರಾಡಳಿತ ಮಂಡಳಿಗೆ ಚುನಾಯಿತರಾಗಿ, 1978ರ ನವೆಂಬರ್ 27ರಂದು ಮೇಯರ್ ಜಾರ್ಜ್ ಮಾಸ್ಕೋನಿ ಅವರೊಂದಿಗೆ ಹತ್ಯೆಗೀಡಾದರು.

ಅದೇ 1974ರಲ್ಲಿ ಸ್ಥಾಪನೆಯಾದ 'ಗೋಲ್ಡನ್ ಗೇಟ್ ಬಿಸಿನೆಸ್ ಅಸೋಸಿಯೇಷನ್' ಸಂಸ್ಥೆಯನ್ನು ಆ ದೇಶದಲ್ಲಿ ಲೈಂಗಿಕ ಅಲ್ಪಸಂಖ್ಯಾತ ಉದ್ಯಮಿಗಳ ಮೊದಲ ವಾಣಿಜ್ಯ ಮಂಡಳಿಯೆಂದು ಗುರುತಿಸಲಾಗುತ್ತದೆ. ಅದರ ಸದಸ್ಯರ ಮುಂದಿದ್ದ ಸಮಸ್ಯೆ ಸರಳವಾಗಿತ್ತು. ತಮ್ಮ ಜನರಿಗಾಗಿ ದುಡಿಯುವ ಸಣ್ಣ ಸಂಸ್ಥೆಗಳು ಹುಟ್ಟುತ್ತಿದ್ದವು. ದೊಡ್ಡ ದತ್ತಿ ಸಂಸ್ಥೆಗಳು ಅವುಗಳಿಗೆ ಹಣ ಕೊಡಲು ಹಿಂಜರಿಯುತ್ತಿದ್ದವು. 1980ರಲ್ಲಿ ಮಂಡಳಿಯ ಸದಸ್ಯರು ತಾವೇ ಒಂದು ದತ್ತಿನಿಧಿಯನ್ನು ಸ್ಥಾಪಿಸಿದರು. ಅದೇ ಇಂದಿನ 'ಹೊರೈಜ಼ನ್ಸ್ ಫೌಂಡೇಷನ್'. ಲೈಂಗಿಕ ಅಲ್ಪಸಂಖ್ಯಾತರು ತಮಗಾಗಿ ತಾವೇ ಕಟ್ಟಿ ನಡೆಸಿದ ಮೊತ್ತಮೊದಲ ಸಮುದಾಯ ದತ್ತಿನಿಧಿಯೆಂಬ ಹಿರಿಮೆ ಅದರದು.

ಸಮುದಾಯ ದತ್ತಿನಿಧಿಯ ಸ್ವರೂಪ

'ಸಮುದಾಯ ದತ್ತಿನಿಧಿ' ಎಂಬ ಕಲ್ಪನೆಯ ಜನಕ ಒಬ್ಬ ಬ್ಯಾಂಕರ್ ಎಂಬುದು ಗಮನಾರ್ಹ. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಫ್ರೆಡರಿಕ್ ಗಾಫ್ 1914ರಲ್ಲಿ ಇಂತಹ ಮೊದಲ ನಿಧಿಯನ್ನು ಆರಂಭಿಸಿದರು. ಸತ್ತವರು ಬರೆದಿಟ್ಟ ದತ್ತಿಪತ್ರಗಳ ಉದ್ದೇಶ ಕಾಲಕ್ರಮದಲ್ಲಿ ಅಪ್ರಸ್ತುತವಾಗಿ, ಹಣ ಮಾತ್ರ ಬ್ಯಾಂಕಿನಲ್ಲಿ ನಿಷ್ಫಲವಾಗಿ ಬಿದ್ದಿರುವುದನ್ನು ಅವರು ಕಂಡಿದ್ದರು. ಹಲವರ ದತ್ತಿಗಳನ್ನು ಒಂದೇ ಆಡಳಿತದಡಿ ತಂದು, ಆಯಾ ಕಾಲದ ಅಗತ್ಯಕ್ಕೆ ತಕ್ಕಂತೆ ವಿನಿಯೋಗಿಸಲು ಸಮಿತಿಯೊಂದಕ್ಕೆ ಅಧಿಕಾರ ಕೊಡುವುದು ಅವರ ಯೋಜನೆಯ ಸಾರ.

ಸ್ಯಾನ್ ಫ್ರಾನ್ಸಿಸ್ಕೋದ ಉದ್ಯಮಿಗಳು ಇದೇ ಮಾದರಿಯನ್ನು ಅನುಸರಿಸಿದರು. ಇಂತಹ ನಿಧಿಗೆ ಹಣ ಮೂರು ದಾರಿಗಳಲ್ಲಿ ಬರುತ್ತದೆ. ಒಂದು, ವಾರ್ಷಿಕ ದೇಣಿಗೆ. ಇದು ಆಯಾ ವರ್ಷವೇ ಅನುದಾನವಾಗಿ ಹೊರಹೋಗುತ್ತದೆ. ಎರಡು, ದಾನಿಯ ಹೆಸರಿನಲ್ಲೇ ಇರುವ ಉಪನಿಧಿ. ಯಾವ ಸಂಸ್ಥೆಗೆ ಕೊಡಬೇಕೆಂದು ದಾನಿ ಸಲಹೆ ಮಾಡಬಹುದು, ಆದರೆ ಲೆಕ್ಕಪತ್ರ ಮತ್ತು ಪರಿಶೀಲನೆಯ ಹೊಣೆ ನಿಧಿಯದು. ಮೂರು, ಮರಣಶಾಸನದ ಮೂಲಕ ಬರುವ ಆಸ್ತಿ. ಇದು ಮೂಲಧನವಾಗಿ ಉಳಿದು, ಅದರ ಉತ್ಪತ್ತಿಯಿಂದ ಅನುದಾನ ನಡೆಯುತ್ತದೆ. ಮಕ್ಕಳಿಲ್ಲದ, ಅಥವಾ ಹುಟ್ಟಿದ ಮನೆಯೊಂದಿಗೆ ಸಂಬಂಧ ಕಡಿದುಹೋದ ಹಿರಿಯರು ಈ ಸಮುದಾಯದಲ್ಲಿ ಕಡಿಮೆಯಿಲ್ಲ. ಆದ್ದರಿಂದ ಮೂರನೆಯ ದಾರಿಗೆ ಇಲ್ಲಿ ವಿಶೇಷ ಮಹತ್ವವಿದೆ.

ಇಂತಹ ನಿಧಿಯ ಅಗತ್ಯವೇನೆಂಬುದಕ್ಕೆ ಒಂದು ಅಂಕಿ ಸಾಕು. ಅಮೆರಿಕದ ದತ್ತಿ ಸಂಸ್ಥೆಗಳು ನೀಡುವ ಪ್ರತಿ 100 ಡಾಲರ್‌ಗಳಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಕಾರ್ಯಗಳಿಗೆಂದೇ ದೊರೆತದ್ದು ಅರ್ಧ ಡಾಲರ್‌ಗಿಂತಲೂ ಕಡಿಮೆ ಎಂದು ಆ ಕ್ಷೇತ್ರದ ಸಮೀಕ್ಷೆಗಳು ವರ್ಷದಿಂದ ವರ್ಷಕ್ಕೆ ತೋರಿಸಿವೆ. ಶ್ರೀಮಂತ ದೇಶದಲ್ಲೇ ಸ್ಥಿತಿ ಹೀಗಿದೆ.

ಕಷ್ಟಕಾಲದ ಪರೀಕ್ಷೆ

ನಿಧಿ ಸ್ಥಾಪನೆಯಾದ ಮರುವರ್ಷ, 1981ರ ಜೂನ್ 5ರಂದು, ಮುಂದೆ ಏಡ್ಸ್ ಎಂದು ಹೆಸರಾದ ರೋಗದ ಮೊದಲ ವರದಿ ಅಮೆರಿಕದಲ್ಲಿ ಪ್ರಕಟವಾಯಿತು. ಸ್ಯಾನ್ ಫ್ರಾನ್ಸಿಸ್ಕೋ ಒಂದರಲ್ಲೇ ಮುಂದಿನ ದಶಕಗಳಲ್ಲಿ ಸುಮಾರು ಇಪ್ಪತ್ತು ಸಾವಿರ ಮಂದಿ ಈ ರೋಗಕ್ಕೆ ಬಲಿಯಾದರು. ಆರಂಭದ ವರ್ಷಗಳಲ್ಲಿ ಔಷಧವಿರಲಿಲ್ಲ. ರೋಗಿಯನ್ನು ಮುಟ್ಟಲು ಬಂಧುಗಳೇ ಹೆದರುತ್ತಿದ್ದರು. ಕೆಲಸ ಹೋಗುತ್ತಿತ್ತು, ಬಾಡಿಗೆ ಮನೆ ಹೋಗುತ್ತಿತ್ತು.

ಆ ಹೊತ್ತಿನಲ್ಲಿ ನಗರವನ್ನು ಕಾಪಾಡಿದ್ದು ಸರ್ಕಾರಿ ಆಸ್ಪತ್ರೆ ಮತ್ತು ಸಮುದಾಯದ ಸಂಸ್ಥೆಗಳ ಸಹಯೋಗ. 1982ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಏಡ್ಸ್ ಫೌಂಡೇಷನ್ ಆರಂಭವಾಯಿತು. 1983ರಲ್ಲಿ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ ಏಡ್ಸ್ ರೋಗಿಗಳಿಗೆಂದೇ ಪ್ರತ್ಯೇಕ ವಾರ್ಡ್ ತೆರೆಯಿತು. 1985ರಲ್ಲಿ ರೂತ್ ಬ್ರಿಂಕರ್ ಎಂಬ ವೃದ್ಧ ಮಹಿಳೆ ಏಳು ಮಂದಿ ರೋಗಿಗಳಿಗೆ ಅಡುಗೆ ಮಾಡಿ ಮನೆಗೆ ಮುಟ್ಟಿಸತೊಡಗಿದರು. ಅವರ ಪರಿಚಿತರೊಬ್ಬರು ಅಡುಗೆ ಮಾಡಿಕೊಳ್ಳಲೂ ಶಕ್ತಿಯಿಲ್ಲದೆ ಸೊರಗಿ ಸತ್ತಿದ್ದರು. 'ಪ್ರಾಜೆಕ್ಟ್ ಓಪನ್ ಹ್ಯಾಂಡ್' ಎಂಬ ಹೆಸರಿನ ಆ ದಾಸೋಹ ಇಂದು ಇತರ ಗಂಭೀರ ಕಾಯಿಲೆಗಳವರಿಗೂ ವೃದ್ಧರಿಗೂ ಅನ್ನ ಒದಗಿಸುತ್ತಿದೆ.

ಇಲ್ಲಿ ವರ್ತಕರು ಗಮನಿಸಬೇಕಾದ ಪಾಠವಿದೆ. ಏಳು ಊಟಗಳಿಂದ ಆರಂಭವಾಗುವ ಸಂಸ್ಥೆಗೆ ಮೊದಲ ವರ್ಷ ಬೇಕಾಗುವುದು ದೊಡ್ಡ ಮೊತ್ತವಲ್ಲ. ಬೇಗ ಕೈಸೇರುವ ಸಣ್ಣ ಮೊತ್ತ. ದೊಡ್ಡ ದತ್ತಿ ಸಂಸ್ಥೆ ಮೂರು ವರ್ಷಗಳ ಲೆಕ್ಕಪತ್ರ ಕೇಳುತ್ತದೆ. ಸರ್ಕಾರ ಆದೇಶಕ್ಕಾಗಿ ಕಾಯುತ್ತದೆ. ಊರನ್ನೂ ಜನರನ್ನೂ ಬಲ್ಲ ಸ್ಥಳೀಯ ನಿಧಿ ಮಾತ್ರ ತಿಂಗಳೊಳಗೆ ತೀರ್ಮಾನಿಸಬಲ್ಲದು. ನಂಬಿಕೆಯ ಮೇಲೆ ಸಾಲ ಕೊಟ್ಟು ಅಭ್ಯಾಸವಿರುವ ವರ್ತಕನಿಗೆ ಈ ಬಗೆಯ ವಿವೇಚನೆ ಹೊಸದೇನಲ್ಲ.

ಭಾರತದ ಅನುಭವ

ಭಾರತದಲ್ಲಿ ಈ ಕ್ಷೇತ್ರದ ಸಂಸ್ಥೆಗಳ ಇತಿಹಾಸ ಮೂರು ದಶಕಗಳದು. ಮುಂಬಯಿಯ ಹಮ್‌ಸಫರ್ ಟ್ರಸ್ಟ್ 1994ರಲ್ಲೂ, ಬೆಂಗಳೂರಿನ ಸಂಗಮ 1999ರಲ್ಲೂ ಆರಂಭವಾದವು. 2014ರಲ್ಲಿ ಅಕ್ಕೈ ಪದ್ಮಶಾಲಿ ಅವರು ಬೆಂಗಳೂರಿನಲ್ಲಿ 'ಒಂದೆಡೆ' ಸಂಸ್ಥೆಯನ್ನು ಕಟ್ಟಿದರು. ಕಾನೂನಿನ ಚೌಕಟ್ಟೂ ಬದಲಾಗಿದೆ. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳನ್ನು ಎತ್ತಿಹಿಡಿಯಿತು. 2018ರ ಸೆಪ್ಟೆಂಬರ್ 6ರ ತೀರ್ಪು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. 2021ರಲ್ಲಿ ಕರ್ನಾಟಕ ಸರ್ಕಾರ ರಾಜ್ಯದ ನೇಮಕಾತಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1ರ ಮೀಸಲಾತಿ ತಂದಿತು. ಅದೇ ವರ್ಷ ಮಂಜಮ್ಮ ಜೋಗತಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಹಕ್ಕುಗಳು ದೊರೆತವು, ಹಣದ ಮೂಲ ಮಾತ್ರ ಭದ್ರವಾಗಲಿಲ್ಲ. ಈ ಸಂಸ್ಥೆಗಳಿಗೆ ಬಂದ ಹಣದ ಬಹುಭಾಗ ಎಚ್‌ಐವಿ ನಿಯಂತ್ರಣಕ್ಕೆಂದು ವಿದೇಶಗಳಿಂದ ಬಂದದ್ದು. ಗೇಟ್ಸ್ ಪ್ರತಿಷ್ಠಾನದ 'ಆವಾಹನ್' ಯೋಜನೆ 2003ರಲ್ಲಿ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ ಆರಂಭವಾಗಿ, ಮುಂದಿನ ದಶಕದ ಆರಂಭದ ವೇಳೆಗೆ ಹಂತಹಂತವಾಗಿ ಸರ್ಕಾರಕ್ಕೆ ಹಸ್ತಾಂತರವಾಯಿತು. ರೋಗದ ಹೆಸರಿನಲ್ಲಿ ಬಂದ ಹಣ ರೋಗಕ್ಕಷ್ಟೇ ಖರ್ಚಾಗಬೇಕು. ಮನೆಯಿಂದ ಹೊರಬಿದ್ದ ಹುಡುಗನ ವಸತಿ, ಬಲವಂತದ ಮದುವೆಗೆ ಹೆದರಿದ ಹುಡುಗಿಯ ಆಪ್ತಸಲಹೆ, ಅರ್ಧಕ್ಕೆ ನಿಂತ ವಿದ್ಯಾಭ್ಯಾಸ, ಹಿರಿಯರ ಔಷಧ ಮುಂತಾದವು ಅಂತಹ ಅನುದಾನದ ಚೌಕಟ್ಟಿನೊಳಗೆ ಸುಲಭವಾಗಿ ಬರುವುದಿಲ್ಲ. ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಗೆ 2020ರಲ್ಲಿ ಬಂದ ತಿದ್ದುಪಡಿಯು ದೊಡ್ಡ ಸಂಸ್ಥೆಯೊಂದು ವಿದೇಶಿ ಹಣ ಪಡೆದು ಸಣ್ಣ ಸಂಸ್ಥೆಗಳಿಗೆ ಹಂಚುವುದನ್ನು ನಿಷೇಧಿಸಿತು. ಹಳ್ಳಿ, ತಾಲ್ಲೂಕು ಮಟ್ಟದ ಸಣ್ಣ ಸಂಘಗಳಿಗೆ ಇದರ ಬಿಸಿ ಹೆಚ್ಚು ತಟ್ಟಿತು.

ಪರಾವಲಂಬನೆಯ ಅಪಾಯ 2025ರಲ್ಲಿ ಕಣ್ಣಿಗೆ ಕಟ್ಟುವಂತೆ ಗೋಚರಿಸಿತು. ಹೈದರಾಬಾದಿನಲ್ಲಿ 2021ರಲ್ಲಿ ಆರಂಭವಾದ 'ಮಿತ್ರ್' ಕ್ಲಿನಿಕ್ ಲಿಂಗತ್ವ ಅಲ್ಪಸಂಖ್ಯಾತರಿಗೆಂದೇ ಮೀಸಲಾದ ದೇಶದ ಮೊದಲ ಚಿಕಿತ್ಸಾಲಯಗಳಲ್ಲಿ ಒಂದು. ಅಮೆರಿಕದ ಸರ್ಕಾರ ತನ್ನ ವಿದೇಶಿ ನೆರವನ್ನು ತಡೆಹಿಡಿದೊಡನೆ ಅದರ ಬಾಗಿಲು ಮುಚ್ಚಿತು. ಕ್ಲಿನಿಕ್‌ನ ವೈದ್ಯರಲ್ಲಾಗಲೀ ರೋಗಿಗಳಲ್ಲಾಗಲೀ ದೋಷವಿರಲಿಲ್ಲ. ಹಣದ ಏಕೈಕ ಮೂಲ ಬತ್ತಿತ್ತು. ಕೆಲವೇ ತಿಂಗಳಲ್ಲಿ ಟಾಟಾ ಟ್ರಸ್ಟ್ಸ್‌ನ ನೆರವಿನಿಂದ ಅದು 'ಸಬ್‌ರಂಗ್' ಎಂಬ ಹೆಸರಿನಲ್ಲಿ ಮತ್ತೆ ತೆರೆಯಿತು. ಒಬ್ಬನೇ ಗ್ರಾಹಕನನ್ನು ನಂಬಿದ ಕಾರ್ಖಾನೆಯ ಗತಿ ಏನಾಗುವುದೆಂದು ಸಣ್ಣ ಉತ್ಪಾದಕರಿಗೆ ಹೇಳಬೇಕಾಗಿಲ್ಲ. ಸೇವಾ ಸಂಸ್ಥೆಗಳ ವಿಷಯದಲ್ಲಿಯೂ ಅದೇ ಸೂತ್ರ ಅನ್ವಯಿಸುತ್ತದೆ.

ನಷ್ಟದ ಲೆಕ್ಕ

ಇದು ಕೇವಲ ಕರುಣೆಯ ಪ್ರಶ್ನೆಯೆಂದು ತಿಳಿಯುವವರ ಗಮನಕ್ಕೆ ಒಂದು ಅಧ್ಯಯನವನ್ನು ತರಬೇಕಾಗಿದೆ. ಅರ್ಥಶಾಸ್ತ್ರಜ್ಞೆ ಎಂ. ವಿ. ಲೀ ಬ್ಯಾಜೆಟ್ ಅವರು ವಿಶ್ವಬ್ಯಾಂಕಿಗಾಗಿ 2014ರಲ್ಲಿ ಭಾರತದ ಸ್ಥಿತಿಯನ್ನು ಪರಿಶೀಲಿಸಿ, ಲೈಂಗಿಕ ಅಲ್ಪಸಂಖ್ಯಾತರನ್ನು ದೂರವಿಡುವುದರಿಂದ ದೇಶಕ್ಕಾಗುವ ನಷ್ಟ ಒಟ್ಟು ಆಂತರಿಕ ಉತ್ಪನ್ನದ ಶೇ. 0.1ರಿಂದ ಶೇ. 1.7ರಷ್ಟಿರಬಹುದೆಂದು ಅಂದಾಜಿಸಿದರು. ಕೆಲಸದಲ್ಲಿನ ತಾರತಮ್ಯದಿಂದ ಕುಂದುವ ಉತ್ಪಾದಕತೆ, ಖಿನ್ನತೆ, ಆತ್ಮಹತ್ಯೆಯ ಯತ್ನಗಳು ಮತ್ತು ಎಚ್‌ಐವಿ ಆ ಲೆಕ್ಕದಲ್ಲಿ ಸೇರಿದ್ದವು.

ಕೆಲಸ ಕೊಟ್ಟ ಮಾತ್ರಕ್ಕೆ ಸಮಸ್ಯೆ ತೀರುವುದಿಲ್ಲ ಎಂಬುದಕ್ಕೆ ಕೊಚ್ಚಿ ಮೆಟ್ರೊ ಸಾಕ್ಷಿ. 2017ರಲ್ಲಿ ಅದು ಇಪ್ಪತ್ತಕ್ಕೂ ಹೆಚ್ಚು ಲಿಂಗತ್ವ ಅಲ್ಪಸಂಖ್ಯಾತರನ್ನು ಕೆಲಸಕ್ಕೆ ತೆಗೆದುಕೊಂಡು ಮೆಚ್ಚುಗೆ ಗಳಿಸಿತು. ಆದರೆ ಅವರಲ್ಲಿ ಹಲವರು ಕೆಲವೇ ವಾರಗಳಲ್ಲಿ ಕೆಲಸ ಬಿಟ್ಟರು. ಊರಿನಲ್ಲಿ ಅವರಿಗೆ ಮನೆ ಬಾಡಿಗೆಗೆ ಕೊಡುವವರಿರಲಿಲ್ಲ. ವಸತಿಗೃಹದ ದಿನಬಾಡಿಗೆ ಸಂಬಳವನ್ನೇ ನುಂಗುತ್ತಿತ್ತು. ಉದ್ಯೋಗದಾತ ತುಂಬಲಾಗದ ಇಂತಹ ಅಂತರವನ್ನು ತುಂಬುವುದು ಸೇವಾ ಸಂಸ್ಥೆಗಳ ಕೆಲಸ. ಆ ಸಂಸ್ಥೆಗಳನ್ನು ಉಳಿಸುವುದು ನಿಧಿಯ ಕೆಲಸ.

ವರ್ತಕರಿಗೆ ಸಾಧ್ಯವಿರುವ ಕ್ರಮಗಳು

2013ರ ಕಂಪನಿ ಕಾಯಿದೆಯು ಸಾಮಾಜಿಕ ಹೊಣೆಗಾರಿಕೆಯ ವೆಚ್ಚವನ್ನು ದೊಡ್ಡ ಕಂಪನಿಗಳಿಗೆ ಕಡ್ಡಾಯಗೊಳಿಸಿತು. ಕಾಯಿದೆಯ ಏಳನೆಯ ಅನುಸೂಚಿಯಲ್ಲಿರುವ ಆರೋಗ್ಯ ರಕ್ಷಣೆ ಮತ್ತು ಸಾಮಾಜಿಕವಾಗಿ, ಆರ್ಥಿಕವಾಗಿ ಹಿಂದುಳಿದ ವರ್ಗಗಳ ಅಸಮಾನತೆ ನಿವಾರಣೆ ಎಂಬ ಬಾಬುಗಳಡಿ ಈ ಕ್ಷೇತ್ರದ ಯೋಜನೆಗಳಿಗೆ ಹಣ ಒದಗಿಸಲು ಅವಕಾಶವಿದೆ. ಸಣ್ಣ ವರ್ತಕರಿಗೆ ಮತ್ತು ಪಾಲುದಾರಿಕೆ ಸಂಸ್ಥೆಗಳಿಗೆ ಈ ಕಡ್ಡಾಯವಿಲ್ಲ. ಆದರೆ ಕೂಡಿ ಕೊಟ್ಟರೆ ಅವರ ಶಕ್ತಿಯೂ ಸಣ್ಣದಲ್ಲ. ಸಂಘವೊಂದರ ನೂರು ಸದಸ್ಯರು ತಿಂಗಳಿಗೆ ತಲಾ 500 ರೂಪಾಯಿ ತೆಗೆದಿಟ್ಟರೆ ವರ್ಷಕ್ಕೆ 6 ಲಕ್ಷ ರೂಪಾಯಿಗಳಾಗುತ್ತವೆ. ಅದರಲ್ಲಿ ಐದನೆಯ ಒಂದು ಭಾಗವನ್ನು ಮೂಲಧನಕ್ಕೆ ಸೇರಿಸಿದರೂ 4 ಲಕ್ಷ 80 ಸಾವಿರ ರೂಪಾಯಿ ಅನುದಾನಕ್ಕೆ ಉಳಿಯುತ್ತದೆ. ಜಿಲ್ಲಾ ಕೇಂದ್ರವೊಂದರಲ್ಲಿ ಒಬ್ಬ ಆಪ್ತಸಲಹೆಗಾರರ ವೇತನವನ್ನೂ ತುರ್ತು ವಸತಿಯ ಒಂದು ಕೋಣೆಯ ಬಾಡಿಗೆಯನ್ನೂ ಅದು ಭರಿಸಬಲ್ಲದು.

ಕೊಡುವ ಮುನ್ನ ಗಮನಿಸಬೇಕಾದ ಅಂಶಗಳು ಹೀಗಿವೆ:

1. ತೆರಿಗೆ ವಿನಾಯಿತಿ: 1961ರ ಆದಾಯ ತೆರಿಗೆ ಕಾಯಿದೆಯ 80ಜಿ ಪ್ರಕರಣದಡಿ ಇದ್ದ ರಿಯಾಯಿತಿ, 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಕಾಯಿದೆಯಲ್ಲಿ 133ನೆಯ ಪ್ರಕರಣವಾಗಿ ಮುಂದುವರಿದಿದೆ. ಅನುಮೋದಿತ ಸೇವಾ ಸಂಸ್ಥೆಗೆ ಕೊಟ್ಟ ಅರ್ಹ ಮೊತ್ತದ ಅರ್ಧವನ್ನು, ನಿಗದಿತ ಮಿತಿಗೆ ಒಳಪಟ್ಟು, ಆದಾಯದಿಂದ ಕಳೆಯಬಹುದು. ಹೊಸ ತೆರಿಗೆ ಪದ್ಧತಿಯಲ್ಲಿರುವ ವ್ಯಕ್ತಿಗಳಿಗೆ ಈ ಸೌಲಭ್ಯವಿಲ್ಲ. ಪಾಲುದಾರಿಕೆ ಸಂಸ್ಥೆಗಳಿಗೆ ಆ ಪದ್ಧತಿ ಅನ್ವಯಿಸದ ಕಾರಣ ಅವು ರಿಯಾಯಿತಿ ಪಡೆಯಬಹುದು.

2. ಪಾವತಿಯ ವಿಧಾನ: 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ರಿಯಾಯಿತಿ ಇಲ್ಲ. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕವೇ ಕೊಟ್ಟು, ರಸೀದಿಯೊಂದಿಗೆ ನಿಗದಿತ ನಮೂನೆಯ ದೇಣಿಗೆ ಪ್ರಮಾಣಪತ್ರವನ್ನೂ ಪಡೆಯಬೇಕು.

3. ಸಂಸ್ಥೆಯ ಅರ್ಹತೆ: ಒಂದೇ ಧರ್ಮ ಅಥವಾ ಜಾತಿಯ ಹಿತಕ್ಕೆ ಮೀಸಲಾದ ದತ್ತಿಗೆ ಸಾಮಾನ್ಯವಾಗಿ ಈ ಅನುಮೋದನೆ ದೊರೆಯದು. ಎಲ್ಲ ಜಾತಿ ಮತಗಳ ಲೈಂಗಿಕ ಅಲ್ಪಸಂಖ್ಯಾತರಿಗೆ ಸೇವೆ ಸಲ್ಲಿಸುವ ಸಂಸ್ಥೆಗೆ ಈ ತೊಡಕಿಲ್ಲ. ಅನುಮೋದನೆಯ ಅವಧಿ ಮುಗಿದಿದೆಯೇ ಎಂಬುದನ್ನು ಪರಿಶೀಲಿಸಬೇಕು.

4. ಅನುದಾನದ ಷರತ್ತು: ಹೊಲಿಗೆಯಂತ್ರ ಕೊಡುವವರು ಬಹಳ, ಕಚೇರಿಯ ಬಾಡಿಗೆ, ಲೆಕ್ಕಿಗನ ಸಂಬಳ ಕೊಡುವವರು ಕಡಿಮೆ. ಕನಿಷ್ಠ ಮೂರು ವರ್ಷಗಳ ಭರವಸೆಯೊಂದಿಗೆ, ನಿತ್ಯದ ಖರ್ಚಿಗೂ ಬಳಸಲು ಅನುಮತಿ ಕೊಟ್ಟ ಹಣವೇ ಸಂಸ್ಥೆಯನ್ನು ನಿಲ್ಲಿಸುತ್ತದೆ.

5. ಗೋಪ್ಯತೆ: ಲೆಕ್ಕ ಕೇಳುವುದು ದಾನಿಯ ಹಕ್ಕು; ಫಲಾನುಭವಿಗಳ ಹೆಸರು, ಭಾವಚಿತ್ರ ಕೇಳುವುದು ಸಲ್ಲದು. ಒಂದು ಭಾವಚಿತ್ರದಿಂದ ಒಬ್ಬರ ಮನೆಯೂ ಕೆಲಸವೂ ಹೋಗಬಹುದು. ಲೆಕ್ಕಪರಿಶೋಧಿತ ಜಮಾಖರ್ಚು ಮತ್ತು ಸೇವೆ ಪಡೆದವರ ಸಂಖ್ಯೆ ಸಾಕು.

ಸಂಘವೇ ಪ್ರತ್ಯೇಕ ಟ್ರಸ್ಟ್ ಸ್ಥಾಪಿಸುವುದಾದರೆ ಟ್ರಸ್ಟ್ ಪತ್ರದಲ್ಲಿ ಉದ್ದೇಶವನ್ನು ತೀರ ಕಿರಿದಾಗಿ ಬರೆಯದಿರುವುದು ಕ್ಷೇಮ. ಕ್ಲೀವ್‌ಲ್ಯಾಂಡಿನ ಬ್ಯಾಂಕರ್ ಕಂಡುಕೊಂಡ ಸತ್ಯ ಇಲ್ಲಿಯೂ ಅನ್ವಯಿಸುತ್ತದೆ. ಅನುದಾನ ಸಮಿತಿಯಲ್ಲಿ ಸಮುದಾಯದವರೇ ಇಬ್ಬರು ಮೂವರು ಇರಬೇಕು. ಯಾರ ಅಗತ್ಯ ಯಾವುದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಹಣವಿಲ್ಲದೆಯೂ ಆಗಬಹುದಾದ ಕೆಲಸಗಳಿವೆ. ಮಳಿಗೆಯ ಮಹಡಿಯಲ್ಲಿ ಖಾಲಿಯಿರುವ ಕೋಣೆಯನ್ನು ಸಂಸ್ಥೆಯೊಂದಕ್ಕೆ ನ್ಯಾಯವಾದ ಬಾಡಿಗೆಗೆ ಕೊಡಬಹುದು. ಲೆಕ್ಕ ಬರೆಯುವುದನ್ನು ಅದರ ಸಿಬ್ಬಂದಿಗೆ ಕಲಿಸಬಹುದು. ನೌಕರರಿಗೆ ಅವರ ಹಕ್ಕುಗಳನ್ನು ತಿಳಿಸಬಹುದು. ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಸರ್ವೋಚ್ಚ ನ್ಯಾಯಾಲಯ 2023ರ ಅಕ್ಟೋಬರ್ 17ರಂದು ನಿರಾಕರಿಸಿದ್ದರಿಂದ, ಜೊತೆಯಾಗಿ ಬಾಳುವವರಿಗೆ ಪರಸ್ಪರರ ಆಸ್ತಿಯಲ್ಲಿ ತಾನಾಗಿಯೇ ಹಕ್ಕು ಬರುವುದಿಲ್ಲ. ಆದರೆ ಜಂಟಿ ಬ್ಯಾಂಕ್ ಖಾತೆ ತೆರೆಯಲು ಮತ್ತು ಸಂಗಾತಿಯನ್ನು ನಾಮನಿರ್ದೇಶನ ಮಾಡಲು ನಿರ್ಬಂಧವಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ನಾಮನಿರ್ದೇಶನದ ಜೊತೆಗೆ ಮರಣಶಾಸನವನ್ನೂ ಬರೆದಿಡುವಂತೆ ಸಲಹೆ ನೀಡುವುದು ಒಂದು ದೊಡ್ಡ ಉಪಕಾರವೇ ಸರಿ.

'ಇದು ನಮ್ಮ ವ್ಯವಹಾರವೇ?' ಎಂದು ಕೆಲವು ಸದಸ್ಯರು ಕೇಳುವುದು ಸಹಜ. ಕ್ಯಾಸ್ಟ್ರೋದ ಮೊದಲ ವರ್ತಕ ಸಂಘದ ಪ್ರಶ್ನೆಯೂ ಅದೇ ಆಗಿತ್ತು. ಲೈಂಗಿಕ ಅಲ್ಪಸಂಖ್ಯಾತರು ಬೇರೆಲ್ಲಿಂದಲೋ ಬಂದವರಲ್ಲ. ಅವರು ಅಂಗಡಿಯ ಗ್ರಾಹಕರಲ್ಲಿದ್ದಾರೆ, ಕಾರ್ಖಾನೆಯ ಕೆಲಸಗಾರರಲ್ಲಿದ್ದಾರೆ, ವರ್ತಕರ ಮನೆಗಳಲ್ಲೂ ಇದ್ದಾರೆ. ಹಲವರು ಹೇಳಿಕೊಂಡಿಲ್ಲ, ಅಷ್ಟೆ. 1980ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಉದ್ಯಮಿಗಳು ಸಮಾಜದ ಒಪ್ಪಿಗೆಗಾಗಿ ಕಾದಿದ್ದರೆ, ಮರುವರ್ಷ ಬಂದ ರೋಗ ಕಾಯುತ್ತಿರಲಿಲ್ಲ. ದೀಪಾವಳಿಯಂದು ಗಲ್ಲಾಪೆಟ್ಟಿಗೆಯಿಂದ ಹೊರಡುವ ನೋಟು ಒಂದು ಹೊತ್ತಿನ ಊಟವಾಗುತ್ತದೆ. ಖಾತೆಯಲ್ಲಿ ಬರೆದು, ರಸೀದಿ ಪಡೆದು, ವರ್ಷವರ್ಷವೂ ತಪ್ಪದೆ ಕೊಟ್ಟದ್ದು ಒಂದು ಚಿಕಿತ್ಸಾಲಯದ ಬಾಗಿಲನ್ನು ತೆರೆದಿಡುತ್ತದೆ. ಹೊಸ ಆರ್ಥಿಕ ವರ್ಷದ ಆಯವ್ಯಯ ಸಿದ್ಧಪಡಿಸುವಾಗ ಸಂಘ ಸಂಸ್ಥೆಗಳ ಆಡಳಿತ ಮಂಡಳಿಗಳು ಈ ಬಾಬಿಗೂ ಒಂದು ಸಾಲು ಮೀಸಲಿಡುವುದು ಉಚಿತ.